ಅಗ್ಗದ ತಪ್ಪುಗಳು

ಹೋಗಿ ಹೋಗಿ ಇವತ್ತೇ ಆಡಬೇಕಿತ್ತೇ ಈ ವೆರ್ಲಾ? ಶನಿವಾರ ಮಗಳು ತೆಸ್ಸಾಳ ಮದುವೆ, ಇದೇ ಕ್ಯಾಸಿನೋದ ಮೇಲಿನ ಹಾಲ್‌ನಲ್ಲಿ. ಅಪ್ಪನಿಲ್ಲದ ಹುಡುಗಿ, ವೇದಿಕೆಯವರೆಗೆ ಕೈಹಿಡಿದು ನಡೆಸಿಕೊಂಡು ಹೋಗಬೇಕಾದವಳು ಇವಳೇ. ಹೂವಿನ ವಿಚಾರ ಮಾತಾಡಿ ನೆಟ್ಟಗೆ ಮನೆಗೆ ಹೋಗೋದು ಬಿಟ್ಟು, ಮಂಗಳವಾರ ಆಡಿದವರಿಗೆ ದುಪ್ಪಟ್ಟು ಇನಾಮು ಪಾಯಿಂಟ್ ಅಂತ ವಿಡಿಯೋ ಪೋಕರ್ ಯಂತ್ರದ ಮುಂದೆ ಕೂತುಬಿಟ್ಟಳು. ಹಾಳು ಚಪಲ!

ಅರ್ಧ ಗಂಟೆಯಾಗಿರಲಿಲ್ಲ, ಮ್ಯಾನೇಜರ್ ಪ್ರುಯಿಟ್ ಬೆನ್ನ ಹಿಂದೆ ಬಂದು ನಿಂತ. ಲಾಸ್ ವೇಗಸ್‌ನಲ್ಲಿ ಸೋಲುವವರಿಗೆ ರಾಜೋಪಚಾರ. ಲೆಕ್ಕ ಬಲ್ಲವರಿಗೆ ಮೊದಲು ಪುಕ್ಕಟೆ ಊಟದ ಕೂಪನ್ ನಿಲ್ಲಿಸುತ್ತಾರೆ, ಆಮೇಲೆ ಹೊಸ್ತಿಲು ತುಳಿಯಬೇಡ ಅನ್ನುತ್ತಾರೆ. ಇವಳ ಕೂಪನ್ ನಿಂತು ಎರಡು ತಿಂಗಳಾಗಿತ್ತು.

ಪೆದ್ದಿಯ ಹಾಗೆ ಆಡಬೇಕು, ಅಷ್ಟೆ. ಆಟೀನ್ ರಾಜ, ಆಟೀನ್ ರಾಣಿ ಬಂದವು. ಅವೆರಡನ್ನೇ ಉಳಿಸಿಕೊಂಡು ಮಿಕ್ಕ ಎಲೆ ಬದಲಿಸಬೇಕಾದ ಕಡೆ ಬೇಡದ ಇಸ್ಪೀಟ್ ಎಕ್ಕವನ್ನೂ ಹಿಡಿದಳು. ಹೋಯ್ತು. ಮುಂದಿನ ಆಟದಲ್ಲೂ ಅಂಥದ್ದೇ ಒಂದು ತಪ್ಪು.

"ಅಯ್ಯೋ, ನನ್ನ ಹಣೆಬರಹವೇ ಇಷ್ಟು ನೋಡಿ!" ಅಂತ ಜೋರಾಗಿ ಗೊಣಗಿದಳು.

ಪ್ರುಯಿಟ್ ನಗಲಿಲ್ಲ. "ಎರಡು ವಾರದಿಂದ ಕ್ಯಾಮೆರಾದಲ್ಲಿ ನೋಡ್ತಿದೀನಿ, ಮೇಡಂ. ಯಾರಾದ್ರೂ ಹತ್ರ ಬಂದಾಗ ಮಾತ್ರ ತಪ್ಪು ಮಾಡ್ತೀರಿ. ಅದೂ ಒಂದೆರಡು ಸೆಂಟಿನ ತಪ್ಪು. ಪೆದ್ದರು ದುಬಾರಿ ತಪ್ಪು ಮಾಡ್ತಾರೆ. ಇಷ್ಟು ಅಗ್ಗದ ತಪ್ಪು ಹುಡುಕಿ ಮಾಡೋಕೆ ಯಾವ ಎಲೆ ಇಟ್ಕೋಬೇಕು ಅನ್ನೋ ಇಡೀ ಪಟ್ಟಿ ಬಾಯಿಪಾಠ ಇರಬೇಕು."

ಥೂ, ಬಾಯಿಪಾಠವೇ ಇತ್ತು. ನಿಜವಾದ ಪೆದ್ದಿಯ ಹಾಗೆ ಹತ್ತು ಡಾಲರ್ ಕೈಬಿಡೋಕೆ ಮನಸ್ಸು ಬರಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಇನ್ನು ಈ ಕಟ್ಟಡದೊಳಗೆ ಕಾಲಿಡಬೇಡಿ. ಬಂದ್ರೆ ಪೊಲೀಸರನ್ನ ಕರೀಬೇಕಾಗುತ್ತೆ."

"ಶನಿವಾರ ಮೇಲ್ಗಡೆ ನನ್ನ ಮಗಳ ಮದುವೆ ಕಣಪ್ಪಾ! ಆಡಲ್ಲ, ಯಂತ್ರ ಮುಟ್ಟೋದೂ ಇಲ್ಲ. ಅದೊಂದು ದಿನ ಬಿಡು."

"ಕಟ್ಟಡ ಅಂದ್ರೆ ಹಾಲೂ ಸೇರುತ್ತೆ. ಆರ್ಡರ್ ಮೇಲಿಂದ ಬಂದಿದೆ. ನನ್ನ ಕೈಲಿಲ್ಲ."

ಪಕ್ಕದ ಪೋಕರ್ ಕೋಣೆಯಿಂದ ಅವಳ ತಮ್ಮ ಓರಿನ್‌ನ ನಗು ಕೇಳಿಸಿತು. ಅವನು ಅಲ್ಲಿ ದಿನಾ ಗೆಲ್ಲುತ್ತಾನೆ. ಹುಡುಗಿಯರು ಹೆಸರು ಹಿಡಿದು ಕರೆದು ಕಾಫಿ ಕೊಡುತ್ತಾರೆ.

"ಮತ್ತೆ ಅವನು?"

"ಅವರು ಪಕ್ಕದಲ್ಲಿ ಕೂತೋರ ಜೇಬು ಖಾಲಿ ಮಾಡ್ತಾರೆ, ಪ್ರತಿ ಆಟದಲ್ಲೂ ನಮ್ಮ ಪಾಲು ನಮಗೆ ಬರುತ್ತೆ. ನೀವು ನಮ್ಮ ಜೇಬಿಗೇ ಕೈ ಹಾಕ್ತೀರಿ."

ಓರಿನ್ ಕೂಪನ್ ಬೀಸುತ್ತಾ ಬಂದ. "ಅಕ್ಕಾ, ಇಬ್ಬರಿಗೂ ಊಟ! ಯಾಕೇ, ಮುಖ ಯಾಕೆ ಹಾಗಾಯ್ತು?"

ವೆರ್ಲಾ ಪರ್ಸ್‌ನಿಂದ ತೆಸ್ಸಾಳ ಅಜ್ಜಿಯ ಕಸೂತಿ ಕರವಸ್ತ್ರ ತೆಗೆದು ಅವನ ಕೈಗಿಟ್ಟಳು. ಶನಿವಾರ ಮಗಳ ಕೈಗೆ ತಾನೇ ಕಟ್ಟಬೇಕೆಂದು ಇಟ್ಟುಕೊಂಡಿದ್ದು.

"ಅವಳನ್ನ ನೀನೇ ನಡೆಸ್ಕೊಂಡು ಹೋಗೋ," ಅಂದಳು. "ಬಾಗಿಲ ಕಡೆ ತಿರುಗಿ ನೋಡ್ತಿದ್ರೆ, ಅಮ್ಮ ಬರಲ್ಲ ಅಂತ ಹೇಳು."