ಟಾರ್ಚಿಗೆ ಕಾಣದ ಬಣ್ಣ

ದಾರದಕ್ಕನ ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು: ದೀಪದ ಕೆಳಗೆ ಬಣ್ಣ ಒಪ್ಪಬಾರದು. ಗಿರಾಕಿ ಎಷ್ಟೇ ತುದಿಗಾಲಲ್ಲಿ ನಿಂತಿರಲಿ, ಬಟ್ಟೆಯನ್ನೂ ದಾರದ ಉಂಡೆಯನ್ನೂ ಬಾಗಿಲಿಗೆ ಒಯ್ದು, ಹಗಲ ಬೆಳಕಿನಲ್ಲಿ ಜೋಡಿಸಿ ನೋಡಿಯೇ ಕೊಡುತ್ತಿದ್ದಳು. ಇವಳು ಬದನೆಕಾಯಿಯನ್ನೂ ಬಾಗಿಲಿಗೆ ಒಯ್ದೇ ಹೆಚ್ಚುತ್ತಾಳೆ ಎಂದು ಗಂಡ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವನು ಬಸ್ ಕಂಡಕ್ಟರ್. ಬಾಯಿ ಬೊಂಬಾಯಿ.

ಗಡ್ಡೆ ಬಂದದ್ದು ಆ ಬಾಯಿಯಲ್ಲೇ. ಎಡಗಡೆಯ ಮೇಲ್ದವಡೆಯನ್ನು ಅಂಗುಳಿನ ಸಮೇತ ತೆಗೆದು, ಕಾಲಿನ ಮೂಳೆಯನ್ನೂ ಚರ್ಮವನ್ನೂ ತಂದು ಅಲ್ಲಿ ಕೂರಿಸಿ, ಅವುಗಳ ರಕ್ತನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿದಿದ್ದರು. ನಾಳ ಕಟ್ಟಿಕೊಂಡರೆ ಹೀಗೆ ಕೂರಿಸಿದ ತೇಪೆ ಸಾಯುತ್ತದೆ, ಸತ್ತರೆ ಎಲ್ಲವನ್ನೂ ಕಿತ್ತು ಹಾಕಬೇಕು, ಆಮೇಲೆ ಉಣ್ಣುವುದೂ ಮಾತಾಡುವುದೂ ದುಸ್ತರ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ನರ್ಸ್ ಗಂಟೆಗೊಮ್ಮೆ ಟಾರ್ಚ್ ಹಾಕಿ ತೇಪೆಯ ಬಣ್ಣ ನೋಡಿ ಬರೆದುಕೊಳ್ಳುತ್ತಿದ್ದಳು. ಅವಳ ಹೆಗಲ ಮೇಲಿಂದ ದಾರದಕ್ಕನೂ ಇಣುಕುತ್ತಿದ್ದಳು. ಗಂಟಲಿಗೆ ಕೊಳವೆ ಹಾಕಿದ್ದರಿಂದ ಅವನಿಗೆ ಮಾತಾಡಲು ಸ್ಲೇಟೇ ಗತಿ.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನರ್ಸ್ ಬಣ್ಣ ಚೆನ್ನಾಗಿದೆ ಎಂದು ಬರೆದಳು. ದಾರದಕ್ಕ ಒಪ್ಪಲಿಲ್ಲ. ಹತ್ತು ಗಂಟೆಗೆ ಇದ್ದದ್ದು ಗೋಧಿ ಬಣ್ಣ, ಮೇಲೆ ಚೂರು ಗುಲಾಬಿ. ಈಗ ಅದರಲ್ಲಿ ಬೇರೇನೋ ಬೆರೆತಿತ್ತು. ಮಂಚವನ್ನು ಕಿಟಕಿಗೆ ತಳ್ಳೋಣ ಎಂದಳು. ಟಾರ್ಚಿನಲ್ಲಿ ಎಲ್ಲ ಕಾಣುತ್ತದಲ್ಲ ಅಕ್ಕಾ ಎಂದು ನರ್ಸ್ ಮುಂದೆ ಹೊರಟಳು.

ದಾರದಕ್ಕ ಅವಳ ದಾರಿಗೆ ಅಡ್ಡ ನಿಂತಳು. "ನಿಮ್ಮ ಟಾರ್ಚು ಹಳದಿ ಕಣಮ್ಮ. ಅದರಲ್ಲಿ ನೀಲಿ ಅಡಗಿಬಿಡುತ್ತೆ. ಒಂದೇ ಒಂದ್ಸಲ ಹಗಲಲ್ಲಿ ನೋಡು, ಆಮೇಲೆ ಬೈಕೋ."

ಇಬ್ಬರೂ ಸೇರಿ ಮಂಚ ತಳ್ಳಿದರು. ತನ್ನ ಮಾತು ಸುಳ್ಳಾಗಲಿ, ನಾಲ್ಕು ಜನರ ಮುಂದೆ ಮಾನ ಹೋದರೂ ಹೋಗಲಿ ಎಂದು ದಾರದಕ್ಕ ಬೇಡಿಕೊಂಡಳು. ಕಿಟಕಿಯ ಬೆಳಕಿನಲ್ಲಿ ತೇಪೆ ನೇರಳೆ ಬಣ್ಣಕ್ಕೆ ತಿರುಗಿತ್ತು. ನರ್ಸ್ ಸೂಜಿಯಿಂದ ಚುಚ್ಚಿದಳು. ಕಪ್ಪು ರಕ್ತ ಬುಳಕ್ಕನೆ ಬಂತು. ಅವಳು ಫೋನಿನತ್ತ ಓಡಿದಳು. ಹತ್ತು ನಿಮಿಷದಲ್ಲಿ ಅವನನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು.

ಹೊರಗಿನ ಬೆಂಚಿನ ಮೇಲೆ ದಾರದಕ್ಕನಿಗೆ ಒಂದೊಂದು ನಿಮಿಷವೂ ಯುಗವಾಯಿತು. ನಾಲ್ಕು ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಬಂದು, ರಕ್ತ ಹೆಪ್ಪುಗಟ್ಟಿತ್ತು, ತೆಗೆದು ಮತ್ತೆ ಹೊಲಿದಿದ್ದೇವೆ, ಇನ್ನೆರಡು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ದಾರದಕ್ಕ ತಲೆಯಾಡಿಸಿದಳು.

ಮರುದಿನ ತೇಪೆ ಗೋಧಿ ಬಣ್ಣಕ್ಕೆ ಮರಳಿತ್ತು. ಅವಳಿಗೆ ಮಾತ್ರ ನಂಬಿಕೆ ಸಾಲದು. ಒಂದೇ ಗಂಟೆಯಲ್ಲಿ ಮೂರನೆಯ ಸಲ ಬಗ್ಗಿ, "ರೀ, ಬಾಯಿ ತೆಗೀರಿ" ಎಂದಳು. ಅವನು ತೆಗೆಯಲಿಲ್ಲ. ಸ್ಲೇಟು ಎಳೆದುಕೊಂಡು ಬರೆದ: "ಬಾಯಿ ನೋಡಿದ್ದು ಸಾಕು. ಮುಖ ನೋಡು. ಇನ್ನೂ ಒಂದ್ಸಲಾನೂ ನೋಡಿಲ್ಲ ನೀನು."

ನಿಜವಾಗಿತ್ತು. ದಾರದಕ್ಕ ಕಣ್ಣೆತ್ತಿದಳು. ಊದಿಕೊಂಡ ಕೆನ್ನೆ, ಅರ್ಧ ಮುಚ್ಚಿದ ಕಣ್ಣು, ಮೂಗಿನ ಪಕ್ಕದಿಂದ ತುಟಿಯವರೆಗೂ ಇಳಿದ ಹೊಲಿಗೆ. ಅವಳಿಗೆ ಹೆದರಿಕೆಯಾಯಿತು. ಆದರೂ ದೃಷ್ಟಿ ತಪ್ಪಿಸಲಿಲ್ಲ. ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ತಾನು ಈಗ ಹೇಗಿದ್ದೇನೆಂದು ತಿಳಿಯಲು ಅವನು ಅವಳ ಮುಖವನ್ನೇ ನೋಡುತ್ತಿದ್ದ.