ನೀಲಿ ಬಳಿದ ಮನೆಗಳು

ಕೊರಿಯಾದ ಬುಸಾನ್ ನಗರದ ಬಣ್ಣದ ಊರುಗಳನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸುವ ಹಟದಲ್ಲಿ ಮಿರಾನ್ ಮೂರನೆಯ ಗುಡ್ಡ ಹತ್ತಿದ್ದಳು. ಹಳದಿ, ಗುಲಾಬಿ, ಹಸಿರು ಮನೆಗಳ ನಡುನಡುವೆ ಒಂದೇ ತರದ ನೀಲಿ ಮನೆಗಳಿದ್ದವು.

“ಅಜ್ಜಿ, ಆ ನೀಲಿ ಮನೆಗಳೇ ಚೆಂದ,” ಎಂದಳು, ತನ್ನ ಮನೆಯ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕಿಗೆ.

“ಚೆಂದ ಇರದೆ ಏನು. ಮನೆಯವರು ಸತ್ತ ಮೇಲೆ ಊರ ಸಮಿತಿಯವರು ನೀಲಿ ಬಳೀತಾರೆ. ನಿಮ್ಮಂಥವರ ಫೋಟೋದಲ್ಲಿ ಪಾಳು ಕಾಣಬಾರದು ಅಂತ.”

ಮಿರಾನ್ ಎಣಿಸಿದಳು. ನೀಲಿಯೇ ಹೆಚ್ಚಿತ್ತು.

ಅಷ್ಟರಲ್ಲಿ ಬಣ್ಣದವನೊಬ್ಬ ಏದುಸಿರು ಬಿಡುತ್ತ ಬಂದು ಮುದುಕಿಯ ಗೋಡೆಯ ಪಕ್ಕ ನೀಲಿ ಡಬ್ಬ ಇಳಿಸಿದ. ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯನ್ನು ಕಂಡವನೇ ಜೇಬಿನಿಂದ ಚೀಟಿ ತೆಗೆದು ಮನೆಯ ನಂಬರನ್ನು ಮತ್ತೊಮ್ಮೆ ಓದಿಕೊಂಡ.

ಮುದುಕಿ ಬೆಳ್ಳುಳ್ಳಿ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡಳು.

“ಬಾಗಿಲಿಗೆ ಕೊನೇಲಿ ಬಳಿಯಪ್ಪ. ನಾನಿನ್ನೂ ಒಳಗೆ ಹೋಗ್ಬೇಕು.”