ಯಾರೂ ನೋಡದ ರಿಪೋರ್ಟ್

ಮುದ್ದೇಬಿಹಾಳದ ಆರೈಕೆ ಕೇಂದ್ರದಲ್ಲಿ ಸೊಂಟ ಮುರಿದು ಮಲಗಿದ್ದ ಗುಂಡವ್ವ, ನೋಡಲು ಬಂದ ಮಗಳು ಇಂದ್ರಾಬಾಯಿಯನ್ನೇ ಗುರುತಿಸಲಿಲ್ಲ. "ಯಾರವ್ವಾ ನೀ?" ಎಂದಳು. ಮೊನ್ನೆಯವರೆಗೂ ಊರಿನವರನ್ನೆಲ್ಲ ಹೆಸರು ಹಿಡಿದು ವಿಚಾರಿಸುತ್ತಿದ್ದ ತಾಯಿ. ಇಂದ್ರಾಬಾಯಿ ಹಣೆ ಮುಟ್ಟಿ ನೋಡಿದಳು, ಸುಡುತ್ತಿತ್ತು.

"ವಯಸ್ಸಾಗೇತ್ರಿ, ಅರಳುಮರುಳು," ಎಂದಳು ನರ್ಸ್ ಸುಜಾತಾ.

"ಮೂತ್ರ ಪರೀಕ್ಷಾ ಮಾಡಸ್ತೇವಿ ಅಂದಿದ್ರಲ್ಲ, ಏನಾತು?"

"ರಿಪೋರ್ಟ್ ನಿನ್ನೆನ ಬಂತ್ರಿ. ಡಾಕ್ಟರ್ ಮೊಬೈಲಿಗೆ ಕಳಿಸೇನಿ. ಅವರೇನೂ ಅನ್ನಲಿಲ್ಲ."

"ಫೋನ್ ಹಚ್ಚಿ ಕೇಳಬಾರದಿತ್ತೇನ್ರಿ?"

ಸಿಂದಗಿಗೆ ಹೋಗಿದ್ದ ಡಾಕ್ಟರಿಗೆ ಇಂದ್ರಾಬಾಯಿ ತಾನೇ ಮತ್ತೆ ಮತ್ತೆ ಫೋನ್ ಹಚ್ಚಿದಳು. ಕೊನೆಗೂ ಅವರು ಎತ್ತಿದರು. ರಿಪೋರ್ಟ್ ತೆರೆದು ನೋಡಿದರು.

"ನಾ ನೋಡೇ ಇರಲಿಲ್ರಿ. ಮೂತ್ರದ ಸೋಂಕು ರಕ್ತಕ್ಕ ಏರಿರಬೇಕು, ಅದಕ್ಕ ಈ ಜ್ವರ, ಈ ಮರುಳು. ಈಗಿಂದೀಗ ವಿಜಯಪುರಕ್ಕ ಒಯ್ರಿ."

ಆಂಬುಲೆನ್ಸಿನಲ್ಲಿ ಇಂದ್ರಾಬಾಯಿ ತಾಯಿಯ ಕೈ ಬಿಡಲಿಲ್ಲ. "ಯವ್ವಾ, ನಾ ಇಂದ್ರಾ, ನಿನ್ನ ಮಗಳು," ಎಂದು ಕೂಗುತ್ತಲೇ ಇದ್ದಳು. ಬಸವನ ಬಾಗೇವಾಡಿ ದಾಟುವಾಗ ಗುಂಡವ್ವ ಕಣ್ಣು ತೆರೆದು ಅವಳನ್ನೇ ನೋಡಿದಳು.

"ನನ್ನ ಇಂದ್ರಾ ಎಲ್ಲಿ ಅದಾಳ? ಆಕಿನ್ನ ಕರೀರಿ."

"ಇಲ್ಲೇ ಅದೇನಿ, ಯವ್ವಾ!"

ಗುಂಡವ್ವ ಬಾಗಿಲ ಕಡೆಗೆ ಮುಖ ತಿರುಗಿಸಿ ಮಗಳ ದಾರಿ ಕಾಯತೊಡಗಿದಳು. ವಿಜಯಪುರ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು.